ಈ ಮಾತು ಎಲ್ಲಿದೆ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸೋಣ

ಬಸವ ಜಯಂತಿ ಹತ್ತಿರ ಬಂತೆಂದರೆ ನಮ್ಮೆಲ್ಲರ ಮೊಬೈಲುಗಳಲ್ಲಿ ವಚನಗಳ ಸುರಿಮಳೆ. ಮೇಲೆ ಅಪ್ಪ ಬಸವಣ್ಣನವರ ಭಾವಚಿತ್ರ, ಕೆಳಗೆ ನಾಲ್ಕೈದು ಸಾಲು, ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತ. ಓದುತ್ತೇವೆ, ಕೈಮುಗಿಯುತ್ತೇವೆ, ಇನ್ನು ಹತ್ತು ಜನರಿಗೆ ಕಳಿಸುತ್ತೇವೆ. ಅವುಗಳಲ್ಲಿ ಎಷ್ಟು ನಿಜವಾಗಿಯೂ ಬಸವಣ್ಣನವರವು, ಎಷ್ಟು ಬೇರೆ ಶರಣರವು, ಎಷ್ಟು ನಿನ್ನೆ ಮೊನ್ನೆ ಯಾರೋ ಬರೆದು ಅಂಕಿತ ಅಂಟಿಸಿದವು ಎಂದು ಕೇಳುವವರು ತೀರ ಕಡಿಮೆ.

ಇದು ಮೊಬೈಲಿನಲ್ಲೇ ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆ ಸಾಲುಗಳು ಈಗ ಕಾಲೇಜು ಮಕ್ಕಳ ಪ್ರಾಜೆಕ್ಟ್ ವರದಿಗಳಿಗೆ, ಎಂ.ಎ. ಕಿರುಪ್ರಬಂಧಗಳಿಗೆ, ವಿಚಾರ ಸಂಕಿರಣಗಳ ಪ್ರಬಂಧಗಳಿಗೆ ಬಂದು ಕುಳಿತಿವೆ. ಒಮ್ಮೆ ಅಚ್ಚಾದ ತಪ್ಪನ್ನು ಮುಂದಿನವರು ‘ಪುಸ್ತಕದಲ್ಲಿದೆ’ ಎಂದು ಎತ್ತಿಕೊಳ್ಳುತ್ತಾರೆ. ಇನ್ನು ಇಪ್ಪತ್ತು ವರ್ಷಗಳಲ್ಲಿ ಶರಣರು ನುಡಿದದ್ದು ಯಾವುದು, ನಾವು ಅವರ ಬಾಯಲ್ಲಿ ಇಟ್ಟದ್ದು ಯಾವುದು ಎಂದು ಬಿಡಿಸಲು ಬಾರದಂತಾದೀತು.

ನಾನು ಸಾಹಿತ್ಯ ಓದಿದವನಲ್ಲ. ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದು, ಸರ್ಕಾರಿ ಸೇವೆಯಲ್ಲಿ ಕಾಲುವೆ, ಸೇತುವೆ, ರಸ್ತೆಗಳ ಕೆಲಸ ಮಾಡಿ ನಿವೃತ್ತನಾದವನು. ಈಗ ವಾರಕ್ಕೆ ಎರಡು ದಿನ ನಮ್ಮೂರಿನ ಮಠದ ಗ್ರಂಥಾಲಯದಲ್ಲಿ ಕುಳಿತು, ಬರುವ ವಿದ್ಯಾರ್ಥಿಗಳಿಗೆ ಪುಸ್ತಕ ಹುಡುಕಿ ಕೊಡುತ್ತೇನೆ. ಅಲ್ಲಿ ಕಂಡದ್ದರ ಮೇಲೆ ಒಂದು ಮಾತು ಹೇಳಬೇಕೆನಿಸಿದೆ. ಆಧಾರ ಹುಡುಕುವುದು, ಅದನ್ನು ತೂಗಿ ನೋಡುವುದು, ಅದನ್ನು ಸರಿಯಾಗಿ ನಮೂದಿಸುವುದು, ಈ ಮೂರನ್ನು ನಮ್ಮ ಮಕ್ಕಳಿಗೆ ಕಲಿಸುವುದು ಕಾಲೇಜಿನ ಕೆಲಸ ಮಾತ್ರವಲ್ಲ. ಶರಣ ಧರ್ಮದ ಕೆಲಸವೂ ಹೌದು. ಮಠಗಳು ಇದನ್ನು ತಮ್ಮ ಕಾಯಕವೆಂದು ಎತ್ತಿಕೊಳ್ಳಬೇಕು.

ಅಕ್ಕಿ ಆಯುವ ಶರಣನ ಮಾತು

ಕಳೆದ ವರ್ಷ ಒಬ್ಬ ಹುಡುಗಿ ಬಂದಿದ್ದಳು. ಪದವಿಯ ಕೊನೆಯ ವರ್ಷ, ವಿಷಯ ‘ವಚನಗಳಲ್ಲಿ ಕಾಯಕ ತತ್ವ’. ಮೂವತ್ತು ಪುಟದ ವರದಿ ಸಿದ್ಧವಾಗಿತ್ತು, ಕೊನೆಯಲ್ಲಿ ಆಧಾರ ಗ್ರಂಥಗಳ ಪುಟವೂ ಇತ್ತು. ಅದರಲ್ಲಿ ಮೂರೇ ಸಾಲು: ಗೂಗಲ್, ವಿಕಿಪೀಡಿಯ, ಇಂಟರ್‌ನೆಟ್. ಮೊದಲ ಪುಟದಲ್ಲಿ, ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಆ ಪ್ರಸಿದ್ಧ ಮಾತನ್ನು ಬಸವಣ್ಣನವರದೆಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದಳು.

“ಇದು ಎಲ್ಲಿ ಐತವ್ವಾ?” ಎಂದು ಕೇಳಿದೆ.

“ಎಲ್ಲಾ ಕಡೆ ಐತ್ರಿ ಸರ್. ನಮ್ಮ ಕಾಲೇಜಿನ ಗೋಡೆ ಮ್ಯಾಲೂ ಬರದಾರ.”

ಸಮಗ್ರ ವಚನ ಸಂಪುಟದ ಮೊದಲ ಸಂಪುಟವನ್ನು ಅವಳ ಕೈಗೆ ಕೊಟ್ಟೆ. ಅದು ಬಸವಣ್ಣನವರ ವಚನಗಳ ಸಂಪುಟ. ಸಾವಿರದ ನಾನೂರಕ್ಕೂ ಹೆಚ್ಚು ವಚನಗಳಿವೆ. ಒಂದು ತಾಸು ಹುಡುಕಿದಳು, ಸಿಗಲಿಲ್ಲ. ಆಮೇಲೆ ‘ವಚನ ಸಂಚಯ’ ಜಾಲತಾಣದಲ್ಲಿ ಆ ಪದಗಳನ್ನು ಹಾಕಿ ಹುಡುಕಿದೆವು. ಮಾತು ಸಿಕ್ಕಿತು, ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ, ‘ಅಮರೇಶ್ವರಲಿಂಗ’ ಎಂಬ ಅವರ ಅಂಕಿತದೊಂದಿಗೆ. ಸಂಕೀರ್ಣ ವಚನಗಳ ಸಂಪುಟ ತೆಗೆದು ಪುಟದಲ್ಲಿಯೂ ತಾಳೆ ನೋಡಿದಳು.

ಇದರಲ್ಲಿ ಏನು ದೊಡ್ಡದು, ಮಾತು ಮುಖ್ಯ, ಯಾರದ್ದಾದರೇನು ಎಂದು ಕೇಳುವವರಿದ್ದಾರೆ. ನನಗೆ ಇದು ಸಣ್ಣದೆನಿಸುವುದಿಲ್ಲ. ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಪ್ರಧಾನಿಯೊಬ್ಬರು ದುಡಿಮೆಯನ್ನು ಹೊಗಳುವುದು ಬೇರೆ, ನೆಲದ ಮೇಲಿನ ಕಾಳು ಆಯುವವನು ತನ್ನ ದುಡಿಮೆಯ ಬಗ್ಗೆ ಆ ಮಾತು ಹೇಳುವುದು ಬೇರೆ. ಆ ಮಾತಿನ ತೂಕವೆಲ್ಲ ಅದನ್ನು ಹೇಳಿದವನು ಯಾರು ಎಂಬುದರಲ್ಲಿದೆ. ಬಡ ಕಾಯಕಜೀವಿಯ ಮಾತನ್ನು ಕಿತ್ತು ಪ್ರಸಿದ್ಧರ ಹೆಸರಿಗೆ ಬರೆದಿಟ್ಟರೆ, ಯಾವ ಸಮಾನತೆಗಾಗಿ ಬಸವಣ್ಣನವರು ಕಲ್ಯಾಣದಲ್ಲಿ ನಿಂತರೋ ಅದನ್ನೇ ನಾವು ಅಳಿಸಿದಂತೆ. ಬಸವಣ್ಣನವರೇ ಇದನ್ನು ಒಪ್ಪುತ್ತಿರಲಿಲ್ಲ. ಮಾರಯ್ಯನವರ ಪತ್ನಿ ಲಕ್ಕಮ್ಮನವರಿಗೂ ಸ್ವಂತ ವಚನಗಳಿವೆ, ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತವಿದೆ. ಹುಡುಗಿ ತನ್ನ ವರದಿಗೆ ಲಕ್ಕಮ್ಮನವರನ್ನೂ ಸೇರಿಸಿದಳು. ಹುಡುಕದೇ ಇದ್ದಿದ್ದರೆ ಆಕೆಯ ಹೆಸರೇ ಬರುತ್ತಿರಲಿಲ್ಲ.

ಆಧಾರ ನಮೂದಿಸುವುದೆಂದರೆ ಪರೀಕ್ಷಕರ ಕಾಟಕ್ಕೆ ಮಾಡುವ ಶಾಸ್ತ್ರ ಎಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಮಾತನ್ನು ಅದರ ಒಡೆಯನಿಗೆ ಒಪ್ಪಿಸುವ ಕೆಲಸ ಅದು ಎಂದು ಹೇಳಿಕೊಟ್ಟರೆ ಅವರು ಬೇಗ ತಿಳಿಯುತ್ತಾರೆ.

ಅಳತೆ ಪುಸ್ತಕದ ಶಿಸ್ತು

ನಮ್ಮ ಇಲಾಖೆಗಳಲ್ಲಿ ಅಳತೆ ಪುಸ್ತಕ ಎಂದೊಂದಿದೆ, ಎಂ.ಬಿ. ಎನ್ನುತ್ತೇವೆ. ಮಾಡಿದ ಪ್ರತಿ ಕೆಲಸದ ಉದ್ದ, ಅಗಲ, ಎತ್ತರವನ್ನು ಸ್ಥಳದಲ್ಲೇ ಅಳೆದು ಅದರಲ್ಲಿ ಬರೆಯಬೇಕು. ಪುಟಗಳಿಗೆ ಅಚ್ಚಾದ ಸಂಖ್ಯೆ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಗೀಟು ಹಾಕಿ, ಸರಿ ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ಆಮೇಲೆ ಮೇಲಧಿಕಾರಿ ಬಂದು ಅಲ್ಲಲ್ಲಿ ಆಯ್ದು ಮತ್ತೆ ಅಳೆಯುತ್ತಾರೆ. ಅದನ್ನು ಚೆಕ್ ಮೆಜರ್‌ಮೆಂಟ್ ಎನ್ನುತ್ತಾರೆ. ಗುತ್ತಿಗೆದಾರನ ಬಿಲ್ಲಿನ ಪ್ರತಿ ರೂಪಾಯಿಯೂ ಎಂ.ಬಿ.ಯ ಯಾವ ಪುಟಕ್ಕೆ ಸೇರಿದ್ದು ಎಂದು ತೋರಿಸಬೇಕು. “ಕೆಲಸ ಆಗೇತ್ರಿ, ಎಲ್ಲಾರಿಗೂ ಗೊತ್ತೈತಿ” ಎಂದರೆ ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ.

ವಿನ್ಯಾಸದಲ್ಲೂ ಹಾಗೆಯೇ. ಕಾಂಕ್ರೀಟ್ ತೊಲೆಯ ಲೆಕ್ಕ ಮಾಡುವಾಗ ‘ನಿಯಮದ ಪ್ರಕಾರ’ ಎಂದು ಬರೆದರೆ ಸಾಲದು. ಐಎಸ್ 456, ಇಸವಿ 2000, ಇಂಥ ಕಲಮು ಎಂದು ಬರೆಯಬೇಕು. ಇಸವಿ ಏಕೆಂದರೆ ಅದೇ ಸಂಹಿತೆಯ 1978ರ ಆವೃತ್ತಿಯೂ ಇದೆ, ಎರಡರಲ್ಲಿ ವ್ಯತ್ಯಾಸಗಳಿವೆ. ಮುಂದೆ ಆ ಸೇತುವೆಯನ್ನು ದುರಸ್ತಿ ಮಾಡುವ, ನಮ್ಮ ಮುಖವನ್ನೇ ನೋಡದ ಒಬ್ಬ ಇಂಜಿನಿಯರ್ ಆ ಹಾಳೆ ತೆಗೆದರೆ, ನಾವು ಹೋದ ದಾರಿಯಲ್ಲಿಯೇ ಹೆಜ್ಜೆ ಹೆಜ್ಜೆಗೂ ಪರೀಕ್ಷಿಸುತ್ತ ಬರಲು ಅವನಿಗೆ ಸಾಧ್ಯವಾಗಬೇಕು.

ಸಂಶೋಧನೆಯಲ್ಲಿ ಆಧಾರ ಕೊಡುವುದರ ಅರ್ಥವೂ ಇಷ್ಟೇ. ನನ್ನನ್ನು ನಂಬಿ ಎಂದು ಹೇಳುವುದರ ಬದಲು, ಇಲ್ಲಿದೆ, ನೀವೇ ತೆಗೆದು ನೋಡಿ ಎಂದು ಹೇಳುವುದು.

ಎಲ್ಲಿ ಹುಡುಕಬೇಕು

ವಚನಗಳ ವಿಷಯದಲ್ಲಿ ನಮ್ಮ ಮಕ್ಕಳಷ್ಟು ಭಾಗ್ಯವಂತರು ಬೇರೆ ಯಾರೂ ಇಲ್ಲ. ಪೂಜ್ಯ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ಊರೂರು ತಿರುಗಿ, ಮನೆ ಮನೆಯ, ಮಠ ಮಠದ ತಾಡೋಲೆಗಳನ್ನು ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅವರ ನಂತರ ಹಲವು ವಿದ್ವಾಂಸರು ಪ್ರತಿಗಳನ್ನು ಹೋಲಿಸಿ ಪಾಠ ಶುದ್ಧಿ ಮಾಡಿದರು. 1993ರಲ್ಲಿ ಕರ್ನಾಟಕ ಸರ್ಕಾರ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ಐದನೆಯದು ಪೂರ್ತಿ ಶಿವಶರಣೆಯರದು. ಹದಿನೈದನೆಯದು ವಚನಗಳ ಪಾರಿಭಾಷಿಕ ಪದಗಳ ಕೋಶ. ಇಷ್ಟು ದೊಡ್ಡ ಕೆಲಸ ಕೈಯಲ್ಲಿರುವಾಗ ನಮ್ಮ ಮಕ್ಕಳು ವಾಟ್ಸ್‌ಆ್ಯಪ್‌ನಿಂದ ವಚನ ತೆಗೆಯುತ್ತಾರೆಂದರೆ, ಮನೆಯಲ್ಲಿ ತುಂಬಿದ ಕಣಜ ಇಟ್ಟುಕೊಂಡು ಬೀದಿಯಲ್ಲಿ ಕಾಳು ಹೆಕ್ಕಿದಂತೆ.

ವಚನದಾಚೆಗಿನ ಸಂಶೋಧನೆಗೂ ದಾರಿಗಳಿವೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳು ‘ಶೋಧಗಂಗಾ’ ಭಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ‘ಗೂಗಲ್ ಸ್ಕಾಲರ್’ ಎಂಬ ಬೇರೆಯೇ ಹುಡುಕಾಟದ ಪುಟವಿದ್ದು, ಅಲ್ಲಿ ವಿದ್ವತ್ ಲೇಖನಗಳು ಮುಖ್ಯವಾಗಿ ಬರುತ್ತವೆ. ಸಾಮಾನ್ಯ ಗೂಗಲ್‌ನ ಜಾಹೀರಾತು, ಬ್ಲಾಗುಗಳ ಗದ್ದಲವಿಲ್ಲ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗವಿದೆ. ಗದಗಿನ ತೋಂಟದಾರ್ಯ ಮಠದ ಅಧ್ಯಯನ ಸಂಸ್ಥೆ ಎಷ್ಟೋ ವಿದ್ವತ್ ಗ್ರಂಥಗಳನ್ನು ಹೊರತಂದಿದೆ. ಮಠವೊಂದು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ನಿದರ್ಶನ.

ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುವ ಒಂದು ಸುಲಭ ಉಪಾಯವಿದೆ. ವಿಷಯದ ಮೇಲೆ ಒಂದೇ ಒಂದು ಒಳ್ಳೆಯ ಪುಸ್ತಕ ಹಿಡಿಯಿರಿ. ಅದನ್ನು ಹಿಂದಿನಿಂದ ಓದಿ, ಅಂದರೆ ಅಡಿಟಿಪ್ಪಣಿ, ಗ್ರಂಥಋಣದಿಂದ ಶುರು ಮಾಡಿ. ಆ ಲೇಖಕರು ಯಾರನ್ನು ಮತ್ತೆ ಮತ್ತೆ ನೆನೆದಿದ್ದಾರೋ ಅವರ ಪುಸ್ತಕ ತೆಗೆಯಿರಿ. ಹೀಗೆ ಮೂರು ಮೆಟ್ಟಿಲು ಇಳಿದರೆ ಮೂಲ ಆಧಾರದ ಹತ್ತಿರ ಬಂದಿರುತ್ತೀರಿ.

ಹೇಗೆ ತೂಗಬೇಕು

ಸಿಕ್ಕಿದ್ದೆಲ್ಲ ಒಂದೇ ತೂಕದ್ದಲ್ಲ. ಇದನ್ನು ಕಲಿಸುವುದೇ ಕಷ್ಟ, ಏಕೆಂದರೆ ಇಲ್ಲಿ ನಮ್ಮ ಶ್ರದ್ಧೆಯ ವಿಷಯಗಳೂ ತಕ್ಕಡಿಗೆ ಬರುತ್ತವೆ.

ಬಸವಣ್ಣನವರ ಜೀವನವನ್ನೇ ತೆಗೆದುಕೊಳ್ಳಿ. ಜನ್ಮ ವರ್ಷ ಒಂದು ಪುಸ್ತಕದಲ್ಲಿ 1105, ಇನ್ನೊಂದರಲ್ಲಿ 1131. ವಿದ್ಯಾರ್ಥಿ ತನ್ನ ಕೈಗೆ ಸಿಕ್ಕ ಪುಸ್ತಕದ್ದನ್ನು ಬರೆದು ಮುಗಿಸುತ್ತಾನೆ. ಆದರೆ ಆ ಪುಸ್ತಕಕ್ಕೆ ಅದು ಎಲ್ಲಿಂದ ಬಂತು ಎಂದು ಕೇಳುತ್ತ ಹಿಂದೆ ಹೋದರೆ ಆಧಾರಗಳ ಪದರಗಳೇ ಕಾಣುತ್ತವೆ. ಅವರ ವಚನಗಳು, ಆಮೇಲೆ ಹರಿಹರ ಕವಿಯ ಬಸವರಾಜದೇವರ ರಗಳೆ, ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವ ಪುರಾಣ, 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವ ಪುರಾಣ, ಇವುಗಳ ಜೊತೆಗೆ ಶಾಸನಗಳು, ಕೊನೆಗೆ ಇಪ್ಪತ್ತನೆಯ ಶತಮಾನದ ವಿದ್ವಾಂಸರ ಬರಹಗಳು. ಕವಿ ಹೇಳುವುದೂ ಶಾಸನ ಹೇಳುವುದೂ ಒಂದೇ ಬಗೆಯ ಸಾಕ್ಷ್ಯವಲ್ಲ. ಪುರಾಣದಲ್ಲಿ ಪವಾಡಗಳಿವೆ, ಅವು ಆ ಕಾಲದ ಜನರ ಭಕ್ತಿಗೆ ಸಾಕ್ಷಿ, ಘಟನೆಗೆ ಸಾಕ್ಷಿಯಲ್ಲ. ಇಷ್ಟು ವಿವೇಕವನ್ನು ಪದವಿ ವಿದ್ಯಾರ್ಥಿಗೆ ಕೊಡಬಹುದು.

ಇದರಿಂದ ನಮಗೆ ನಷ್ಟವೇ? ಒಂದು ಪ್ರಸಂಗ ನೆನಪಿಸುತ್ತೇನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್, ಸಮಕಾಲೀನ ಶಾಸನಗಳಲ್ಲಿ ಬಸವಣ್ಣನವರ ಹೆಸರು ಕಾಣದಿರುವುದನ್ನು ಎತ್ತಿ ಹಿಡಿದು, ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಬರುವ ಏಕಾಂತದ ರಾಮಯ್ಯನವರಿಗೆ ಆ ಸ್ಥಾನ ಕೊಡಲು ಹೊರಟರು. ನಾವು ಆಗ ಬೀದಿಯಲ್ಲಿ ಘೋಷಣೆ ಕೂಗಿದ್ದರೆ ಆ ಸಂದೇಹ ಪುಸ್ತಕಗಳಲ್ಲಿ ಹಾಗೆಯೇ ಉಳಿಯುತ್ತಿತ್ತು. ಉತ್ತರ ಬಂದದ್ದು ಇನ್ನೊಂದು ಕಲ್ಲಿನಿಂದ. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನ ಸಂಗಣಬಸವನನ್ನು ಹೆಸರಿಸುತ್ತದೆ. ಬಸವಣ್ಣನವರ ಕಾಲಕ್ಕೆ ಸುಮಾರು ನೂರು ವರ್ಷ ಈಚಿನ ಕಲ್ಲು ಅದು. ಆಧಾರ ಕೇಳಿದವರಿಗೆ ಆಧಾರವೇ ಉತ್ತರವಾಯಿತು.

ಇನ್ನು ಅನುಭವ ಮಂಟಪ. ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಗಳಲ್ಲಿ ಹೇಳುತ್ತೇವೆ, ಮಕ್ಕಳು ಹಾಗೆಯೇ ಬರೆಯುತ್ತಾರೆ. ಅಲ್ಲಿ ನಡೆದ ಸಂವಾದದ ವಿವರವಾದ ಚಿತ್ರ ನಮಗೆ ಸಿಗುವುದು ಮುಖ್ಯವಾಗಿ ಶೂನ್ಯಸಂಪಾದನೆಯಿಂದ. ಅದನ್ನು ಮೊದಲು ಸಂಕಲಿಸಿದವರು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಶರಣರ ವಚನಗಳನ್ನು ಸಂಭಾಷಣೆಯ ರೂಪದಲ್ಲಿ ಜೋಡಿಸಿದ ಅಪೂರ್ವ ಗ್ರಂಥ ಅದು, ಆದರೆ ಕಲ್ಯಾಣದ ಸಭೆಗಳ ನಡಾವಳಿ ಪುಸ್ತಕವಲ್ಲ. ಆದ್ದರಿಂದ ವಿದ್ಯಾರ್ಥಿ ‘ಶೂನ್ಯಸಂಪಾದನೆಯ ಪ್ರಕಾರ’ ಎಂದು ಬರೆಯಬೇಕು. ಆ ಎರಡು ಪದ ಸೇರಿಸಿದ್ದರಿಂದ ನನ್ನ ಶ್ರದ್ಧೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಚಮ್ಮಾರ, ಅಂಬಿಗ, ಮಡಿವಾಳ, ಸೂಳೆವೃತ್ತಿ ಬಿಟ್ಟು ಬಂದ ಹೆಣ್ಣುಮಗಳು, ಇವರೆಲ್ಲರ ವಚನಗಳು ಅವರವರ ಅಂಕಿತದಲ್ಲಿ ನಮ್ಮ ಕೈಯಲ್ಲಿವೆ. ಅದಕ್ಕಿಂತ ದೊಡ್ಡ ದಾಖಲೆ ಯಾವುದು ಬೇಕು?

ಈಗಿನ ಕಾಲದ ಬರಹ ತೂಗಲು ಬೇರೆ ಎಚ್ಚರ ಬೇಕು. ‘ಅಂತರರಾಷ್ಟ್ರೀಯ’ ಎಂಬ ಹೆಸರು ಹೊತ್ತು, ಹಣ ಕಟ್ಟಿದರೆ ಎರಡೇ ದಿನದಲ್ಲಿ ಲೇಖನ ಅಚ್ಚು ಮಾಡುವ ಪತ್ರಿಕೆಗಳಿವೆ. ಐಎಸ್‌ಎಸ್‌ಎನ್ ಸಂಖ್ಯೆ ಇದೆಯೆಂದು ಮಕ್ಕಳು ನಂಬುತ್ತಾರೆ. ಆ ಸಂಖ್ಯೆ ಪತ್ರಿಕೆಯನ್ನು ಗುರುತಿಸಲು ಮಾತ್ರ, ಗುಣಮಟ್ಟದ ಮುದ್ರೆಯಲ್ಲ. ಪುಸ್ತಕದ ಐಎಸ್‌ಬಿಎನ್ ಕೂಡ ಹಾಗೆಯೇ. ಗಾಡಿಗೆ ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಬ್ರೇಕ್ ಸರಿಯಿದೆ ಎಂದಾಗುವುದಿಲ್ಲ. ಬರೆದವರು ಯಾರು, ಆ ವಿಷಯದಲ್ಲಿ ಅವರ ಕೆಲಸವೇನು, ಪ್ರಕಟಣೆಗೆ ಮೊದಲು ಬೇರೆ ವಿದ್ವಾಂಸರು ಪರಿಶೀಲಿಸಿದ್ದಾರೆಯೇ, ಆಧಾರ ತೋರಿಸಿದ್ದಾರೆಯೇ, ತಮಗೆ ವಿರುದ್ಧವಾದ ವಾದವನ್ನು ಪ್ರಸ್ತಾಪಿಸಿದ್ದಾರೆಯೇ, ಈ ಪ್ರಶ್ನೆಗಳನ್ನು ಕೇಳಲಿ.

ಕೃತಕ ಬುದ್ಧಿಮತ್ತೆಯ ಯಂತ್ರಗಳ ವಿಷಯದಲ್ಲಂತೂ ಇನ್ನಷ್ಟು ಎಚ್ಚರ. ಕೇಳಿದರೆ ಲೇಖಕರ ಹೆಸರು, ಪುಸ್ತಕ, ಇಸವಿ, ಪುಟ ಎಲ್ಲವನ್ನೂ ಅಚ್ಚುಕಟ್ಟಾಗಿ ಕೊಡುತ್ತವೆ. ಹುಡುಕಲು ಹೋದರೆ ಕೆಲವು ಸಲ ಅಂಥ ಪುಸ್ತಕವೇ ಇರುವುದಿಲ್ಲ. ಮಾತಿನ ನಂತರ ಯಾವ ಮಾತು ಬರಬಹುದು ಎಂಬ ಅಂದಾಜಿನ ಮೇಲೆ ಅವು ವಾಕ್ಯ ಕಟ್ಟುತ್ತವೆ, ಕಪಾಟು ತೆರೆದು ಪುಟ ನೋಡಿ ಹೇಳುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ಇಬ್ಬರು ವಕೀಲರು ಇಂಥ ಯಂತ್ರ ಕಟ್ಟಿಕೊಟ್ಟ, ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ವಚನದ ಧಾಟಿಯಲ್ಲಿ ನಾಲ್ಕು ಸಾಲು ಬರೆದು ‘ಗುಹೇಶ್ವರ’ ಎಂದು ಮುಗಿಸುವುದು ಈ ಯಂತ್ರಕ್ಕೆ ಕ್ಷಣದ ಕೆಲಸ. ಅಲ್ಲಮಪ್ರಭುಗಳ ಹೆಸರಿನಲ್ಲಿ ಬರಲಿರುವ ಈ ಹೊಸ ಬೆಳೆಯನ್ನು ತಡೆಯಲು ನಮ್ಮಲ್ಲಿ ಇರುವ ಒಂದೇ ಬೇಲಿ ಎಂದರೆ ಸಂಪುಟ ಮತ್ತು ಸಂಖ್ಯೆ.

ಹೇಗೆ ನಮೂದಿಸಬೇಕು

ಇದು ಮೂರರಲ್ಲಿ ಸುಲಭದ್ದು. ಪುಸ್ತಕವಾದರೆ ಲೇಖಕರು, ಶೀರ್ಷಿಕೆ, ಪ್ರಕಾಶಕರು, ಊರು, ಇಸವಿ, ಪುಟ. ವಚನವಾದರೆ ವಚನಕಾರರ ಹೆಸರು, ಸಮಗ್ರ ವಚನ ಸಂಪುಟದ ಯಾವ ಸಂಪುಟ, ಯಾವ ಆವೃತ್ತಿ, ವಚನ ಸಂಖ್ಯೆ. ಜಾಲತಾಣವಾದರೆ ನೋಡಿದ ದಿನಾಂಕ. ಇನ್ನೊಬ್ಬರ ಪುಸ್ತಕದಲ್ಲಿ ಉಲ್ಲೇಖವಾದದ್ದನ್ನು ಅಲ್ಲಿಂದಲೇ ತೆಗೆದುಕೊಂಡಿದ್ದರೆ ಹಾಗೆಂದೇ ಹೇಳಬೇಕು. ಮೂಲವನ್ನು ನೋಡದೆ ನೋಡಿದಂತೆ ಬರೆಯುವುದು ಅಳೆಯದ ಕಾಲುವೆಗೆ ಎಂ.ಬಿ. ಬರೆದಂತೆ.

ಕೃತಿಚೌರ್ಯಕ್ಕೆ ಈಗ ಕಾನೂನಿನ ಭಯವೂ ಇದೆ. ಯುಜಿಸಿಯ 2018ರ ನಿಯಮಗಳ ಪ್ರಕಾರ ಪ್ರಬಂಧದಲ್ಲಿ ಬೇರೆಯವರ ಬರಹದೊಂದಿಗೆ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ. ಅದಕ್ಕಿಂತ ಮೇಲೆ ಶೇ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ಆಧಾರ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಉದ್ಧರಣೆ ಚಿಹ್ನೆ ಹಾಕಿ, ಹೆಸರು ಹೇಳಿದರೆ ಅದು ಋಣ, ಬಿಟ್ಟರೆ ಕಳವು. ಪೇಟೆಯಲ್ಲಿ ಸಿದ್ಧ ಪ್ರಾಜೆಕ್ಟ್ ಮಾರುವ ಅಂಗಡಿಗಳು ಏಕೆ ನಡೆಯುತ್ತಿವೆ ಎಂದರೆ, ತೆಗೆದುಕೊಳ್ಳುವ ಮಕ್ಕಳಿಗೂ ಅಂಕ ಕೊಡುವ ಕೆಲವು ಅಧ್ಯಾಪಕರಿಗೂ ಈ ವ್ಯತ್ಯಾಸ ಮನಸ್ಸಿಗೆ ತಾಗಿಲ್ಲ. ಕಾಯಕ ತತ್ವದ ಮೇಲಿನ ಪ್ರಾಜೆಕ್ಟನ್ನೇ ಅಂಗಡಿಯಲ್ಲಿ ಕೊಳ್ಳುವುದನ್ನು ನಾನು ನೋಡಿದ್ದೇನೆ. ಇದಕ್ಕೆ ನಗಬೇಕೋ ಅಳಬೇಕೋ.

ಎರಡು ಆಕ್ಷೇಪಗಳು

ಈ ಮಾತನ್ನು ಕೆಲವು ಹಿರಿಯರ ಮುಂದೆ ಎತ್ತಿದಾಗ ಎರಡು ಆಕ್ಷೇಪ ಬಂದವು. ಮೊದಲನೆಯದು, “ಭಕ್ತಿಗೆ ಪುಟಸಂಖ್ಯೆ ಯಾಕ್ರಿ? ಅಕ್ಷರ ಬಾರದ ನಮ್ಮವ್ವ ವಚನ ಹಾಡತಿದ್ದಳು, ಆಕಿಗೂ ಆಧಾರ ಕೇಳತೀರೇನು?” ಕೇಳುವುದಿಲ್ಲ. ಆ ತಾಯಿ ತನ್ನ ಎದೆಗಾಗಿ ಹಾಡಿದವಳು. ಆಕೆಯ ಬಾಯಲ್ಲಿ ಉಳಿದದ್ದರಿಂದಲೇ ಎಷ್ಟೋ ವಚನಗಳು ನಮ್ಮವರೆಗೆ ಬಂದವು. ಆದರೆ ಪದವಿಗಾಗಿ ಬರೆಯುವವನು, ವೇದಿಕೆಯಲ್ಲಿ ಪ್ರಮಾಣವೆಂದು ಹೇಳುವವನು, ಪತ್ರಿಕೆಯಲ್ಲಿ ಅಚ್ಚು ಮಾಡುವವನು ಆ ತಾಯಿಯ ಸೆರಗಿನ ಹಿಂದೆ ಅವಿತುಕೊಳ್ಳಬಾರದು.

ಎರಡನೆಯದು, “ಹೀಗೆಲ್ಲ ಪ್ರಶ್ನೆ ಹಾಕಿದರೆ ನಮ್ಮ ವಿರೋಧಿಗಳ ಕೈಗೆ ಕೋಲು ಕೊಟ್ಟಂಗ ಆಗತೈತಿ.” ಇದರ ಬಗ್ಗೆ ನಾನು ಹೆಚ್ಚು ಯೋಚಿಸಿದ್ದೇನೆ. 2018ರಲ್ಲಿ ಲಿಂಗಾಯತ ಸ್ವತಂತ್ರ ಧರ್ಮದ ಪ್ರಶ್ನೆ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಸಮಿತಿಯ ಮುಂದೆ ಬಂದಾಗ, ಅಲ್ಲಿ ಬೇಕಾದದ್ದು ದಾಖಲೆ. ಮೆರವಣಿಗೆಯಲ್ಲಿ ಲಕ್ಷ ಜನ ಸೇರಿದ್ದು ಸರ್ಕಾರದ ಗಮನ ಸೆಳೆಯಬಹುದು, ಆದರೆ ವಾದವನ್ನು ನಿಲ್ಲಿಸುವುದು ಗ್ರಂಥ, ಪುಟ, ಶಾಸನ. ನಾವು ಹತ್ತು ಆಧಾರ ಕೊಟ್ಟು ಅದರಲ್ಲಿ ಒಂದು ಸುಳ್ಳೆಂದು ಎದುರಿನವರು ತೋರಿಸಿದರೆ, ಉಳಿದ ಒಂಬತ್ತನ್ನೂ ಯಾರೂ ನಂಬುವುದಿಲ್ಲ. ಕೋಲು ಕೊಡುವುದು ಪ್ರಶ್ನೆಯಲ್ಲ, ಸುಳ್ಳು ಆಧಾರ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಲೇಬೇಕು. 1989ರಲ್ಲಿ ‘ಮಾರ್ಗ’ದ ಮೊದಲ ಸಂಪುಟದಲ್ಲಿ ಬರೆದ ಕೆಲವು ವಿಷಯಗಳಿಗಾಗಿ ಕಲಬುರ್ಗಿಯವರ ಮೇಲೆ ನಮ್ಮ ಸಮಾಜದ ಒಳಗಿನಿಂದಲೇ ಒತ್ತಡ ಬಂತು, ಅವರು ಆ ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಅವರ ತೀರ್ಮಾನಗಳು ಸರಿಯೋ ತಪ್ಪೋ, ಅವನ್ನು ಪ್ರತಿಆಧಾರಗಳಿಂದ ಎದುರಿಸುವ ದಾರಿ ತೆರೆದೇ ಇತ್ತು. ನಾವು ಆ ದಾರಿ ಹಿಡಿಯಲಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲಿ ಗುಂಡು ಹಾರಿತು. ಅವರು ಸಂಪಾದಿಸಿಕೊಟ್ಟ ಸಂಪುಟಗಳನ್ನು ಹೆಮ್ಮೆಯಿಂದ ತೋರಿಸುವ ನಾವು, ಆಧಾರಕ್ಕೆ ಆಧಾರದಿಂದಲೇ ಉತ್ತರ ಕೊಡುವ ಪದ್ಧತಿಯನ್ನು ಮುಂದಿನ ತಲೆಮಾರಿಗಾದರೂ ಕಲಿಸದಿದ್ದರೆ ಅವರ ಋಣ ತೀರುವುದಿಲ್ಲ.

ಮಠಗಳು ಮಾಡಬಹುದಾದದ್ದು

ಪೂಜ್ಯರ ಪಾದಗಳಿಗೆ ಶರಣೆಂದು ನಾಲ್ಕು ಸಲಹೆ ಇಡುತ್ತೇನೆ. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಮೊದಲನೆಯದು, ಮಠದ ಯಾವುದೇ ಪ್ರಕಟಣೆಯಲ್ಲಿ, ಅಂದರೆ ಸ್ಮರಣ ಸಂಚಿಕೆ, ಕ್ಯಾಲೆಂಡರ್, ಆಮಂತ್ರಣ ಪತ್ರಿಕೆ, ಗೋಡೆ ಬರಹದಲ್ಲಿಯೂ, ಸಂಪುಟ ಮತ್ತು ವಚನ ಸಂಖ್ಯೆ ಇಲ್ಲದೆ ವಚನ ಹಾಕಬಾರದು. ಈ ಪತ್ರಿಕೆಯಿಂದಲೇ ಅದು ಆರಂಭವಾಗಲಿ ಎಂದು ಸಂಪಾದಕರಲ್ಲಿ ಬಿನ್ನಹ.

ಎರಡನೆಯದು, ಮಠಗಳು ನಡೆಸುವ ಕಾಲೇಜುಗಳಲ್ಲಿ ಮೊದಲ ವರ್ಷವೇ ಗ್ರಂಥಪಾಲಕರಿಂದ ಎರಡು ದಿನದ ತರಬೇತಿ ಕೊಡಿಸಬೇಕು. ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಅಧ್ಯಾಪಕರು ವರದಿಯಿಂದ ಯಾವುದಾದರೂ ಮೂರು ಆಧಾರ ಆರಿಸಿ, “ಈ ಪುಟ ತಂದು ತೋರಿಸು” ಎನ್ನಬೇಕು. ನಮ್ಮ ಚೆಕ್ ಮೆಜರ್‌ಮೆಂಟ್ ಇದ್ದಂತೆ. ಎಲ್ಲವನ್ನೂ ಅಳೆಯಬೇಕಿಲ್ಲ, ಯಾವುದನ್ನು ಅಳೆಯುತ್ತಾರೋ ಗೊತ್ತಿಲ್ಲ ಎಂಬ ಎಚ್ಚರ ಸಾಕು. ಒಂದೇ ವರ್ಷದಲ್ಲಿ ಸಿದ್ಧ ಪ್ರಾಜೆಕ್ಟಿನ ವ್ಯಾಪಾರ ಅರ್ಧಕ್ಕೆ ಇಳಿದೀತು.

ಮೂರನೆಯದು, ಗ್ರಂಥಾಲಯಗಳ ಬೀಗ ತೆಗೆಯಬೇಕು. ಎಷ್ಟೋ ಮಠಗಳಲ್ಲಿ ಹದಿನೈದೂ ಸಂಪುಟಗಳು ಗಾಜಿನ ಕಪಾಟಿನಲ್ಲಿ ಪೂಜೆಗೊಳ್ಳುತ್ತಿವೆ. ಸಂಜೆ ಎರಡು ತಾಸು, ಹುಡುಗಿಯರೂ ನಿರ್ಭಯವಾಗಿ ಬಂದು ಕುಳಿತು ಓದುವಂತೆ, ಅವು ಮೇಜಿನ ಮೇಲೆ ಇರಲಿ. ಮಠದಲ್ಲಿ ತಾಡೋಲೆ, ಹಳೆಯ ಕಾಗದದ ಪ್ರತಿಗಳಿದ್ದರೆ ಅವುಗಳ ಪಟ್ಟಿ ಮಾಡಿಸಿ, ವಿಶ್ವವಿದ್ಯಾಲಯದವರಿಂದ ಸ್ಕ್ಯಾನ್ ಮಾಡಿಸಲಿ. ಪಟ್ಟಿಯಾಗದ ತಾಡೋಲೆ ಗೆದ್ದಲಿಗೆ ಮಾತ್ರ ಗೊತ್ತು.

ನಾಲ್ಕನೆಯದು, ಶ್ರಾವಣದಲ್ಲಿ ಮಕ್ಕಳಿಗೆ ವಚನ ಕಂಠಪಾಠ ಸ್ಪರ್ಧೆ ಮಾಡುತ್ತೇವೆ. ಅದರಲ್ಲಿ ವಚನಕಾರರ ಹೆಸರು, ಅಂಕಿತ, ಸಂಪುಟ ಹೇಳಿದವರಿಗೆ ಹೆಚ್ಚಿನ ಅಂಕ ಕೊಡೋಣ. ಹತ್ತು ವರ್ಷದ ಮಗುವಿಗೆ ಈ ರೂಢಿ ಬಿದ್ದರೆ, ಇಪ್ಪತ್ತಕ್ಕೆ ಬಂದಾಗ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಜುಲೈ 2 ಹಳಕಟ್ಟಿಯವರ ಜನ್ಮದಿನ. ಆ ದಿನ ಹಾರ ಹಾಕಿ ಭಾಷಣ ಮಾಡುವುದರ ಜೊತೆಗೆ, ಪ್ರತಿ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಯೂ ತನಗೆ ಗೊತ್ತಿರುವ ಒಂದು ವಚನದ ಮೂಲವನ್ನು ಸಂಪುಟ ತೆರೆದು ಹುಡುಕಿ ಬರೆಯಲಿ. ಯಾರೂ ಅಚ್ಚು ಮಾಡದ ಕಾಲದಲ್ಲಿ ಒಬ್ಬ ವಕೀಲರು ಮನೆ ಮಾರಿ ಉಳಿಸಿದ ಮಾತುಗಳು ಇವು. ಕಪಾಟಿನಿಂದ ತೆಗೆದು ಒಂದು ಪುಟ ತೆರೆಯುವಷ್ಟು ಶ್ರಮ ನಮ್ಮಿಂದ ಆಗದೇ?